ಬೀರುವಿನ ಹಿಂದಿನ ಗೋಡೆ

ಟೈಲರಮ್ಮನ ಹೊಲಿಗೆ ಕೋಣೆಯಲ್ಲಿ ಒಂದು ಕಾನೂನಿತ್ತು. ಬಿಳಿ ಬಟ್ಟೆ ಯಾವತ್ತೂ ಬೀದಿ ಕಡೆಯ ಗೋಡೆಯಿಂದ ಎರಡು ಮೊಳ ದೂರ ಇರಬೇಕು. ಈ ಕಾನೂನು ಮುರಿದವರಿಗೆ, ಸ್ವತಃ ಗಂಡನೇ ಆಗಲಿ, ಅವತ್ತು ಸಂಜೆಯ ಚಹಾ ಸಿಗುತ್ತಿರಲಿಲ್ಲ.

ಕಾನೂನು ಸುಮ್ಮನೆ ಹುಟ್ಟಿದ್ದಲ್ಲ. ಒಮ್ಮೆ ಆಸ್ಪತ್ರೆಯ ನರ್ಸಮ್ಮಂದಿರ ಹನ್ನೆರಡು ಬಿಳಿ ಕೋಟು ಹೊಲಿದು, ಇಸ್ತ್ರಿ ಮಾಡಿ, ಆ ಗೋಡೆಯ ಮೊಳೆಗಳಿಗೆ ಸಾಲಾಗಿ ತೂಗುಹಾಕಿ ಊಟಕ್ಕೆ ಎದ್ದಿದ್ದಳು. ಕೈ ತೊಳೆದು ಬಂದು ನೋಡಿದರೆ ಹನ್ನೆರಡರ ಬೆನ್ನಿನ ಮೇಲೂ ಹಳದಿ ಕಲೆ. ಒಗೆದಳು, ಬಿಸಿಲಿಗೆ ಹಾಕಿದಳು, ನಿಂಬೆಹಣ್ಣು ಉಜ್ಜಿದಳು. ಕಲೆ ಜಪ್ಪಯ್ಯ ಎಂದರೂ ಹೋಗಲಿಲ್ಲ. ಹೊಸ ಬಟ್ಟೆ ತಂದು ಹನ್ನೆರಡನ್ನೂ ಮತ್ತೆ ಹೊಲಿದಳು. ಅವತ್ತಿನಿಂದ ಆ ಗೋಡೆಗೂ ಅವಳಿಗೂ ಮಾತುಕತೆ ಇಲ್ಲ.

ಹಾಗಂತ ಮನೆಯೇನೂ ಕೆಟ್ಟ ಮನೆಯಲ್ಲ. ಬಂದರಿಗೆ ಇಳಿಯುವ ಬೀದಿಯಲ್ಲಿ ಒಂದಕ್ಕೊಂದು ಹೆಗಲು ಕೊಟ್ಟು ನಿಂತ ಹಳೆಯ ಮನೆಗಳ ಸಾಲು ಅದು. ಯಾರು ಕಟ್ಟಿಸಿದರೋ, ಯಾವ ಕಾಲದ್ದೋ, ಹೇಳುವವರಿಲ್ಲ. ಗೋಡೆ ಎಷ್ಟು ದಪ್ಪ ಎಂದರೆ ಕಿಟಕಿಯ ಕಟ್ಟೆಯ ಮೇಲೆ ಅತ್ತೆ ಕಾಲು ಮಡಚಿ ಆರಾಮಾಗಿ ಕೂರುತ್ತಿದ್ದರು. ಅಲ್ಲಿಂದ ಬೀದಿಯಲ್ಲಿ ಹೋಗಿ ಬರುವವರ ವಿಚಾರಣೆ ನಡೆಸುವುದು ಅವರ ದಿನದ ಉದ್ಯೋಗ. ಹೊರಗೆ ಡಾಂಬರು ಕರಗುವ ಬಿಸಿಲಿದ್ದರೂ ಒಳಗೆ ತಂಪು. ಎತ್ತರದ ಕಿಟಕಿಗಳಿಂದ ಬರುವ ಬೆಳಕಿನಲ್ಲಿ ಸಂಜೆಯವರೆಗೂ ಸೂಜಿಗೆ ದಾರ ಪೋಣಿಸಬಹುದು. ಮಾಳಿಗೆಯ ಮೇಲೆ ಸಂಸಾರ, ಕೆಳಗೆ ಹೊಲಿಗೆ. ಗಂಡ ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದ. ಇಪ್ಪತ್ತು ವರ್ಷದಿಂದ ಬರುವ ಗಿರಾಕಿಗಳು ಕಣ್ಣು ಮುಚ್ಚಿಕೊಂಡು ಬಂದರೂ ಇದೇ ಬಾಗಿಲು ತಟ್ಟುತ್ತಿದ್ದರು.

ತೊಂದರೆ ಇದ್ದದ್ದು ಆ ಒಂದು ಗೋಡೆಯಲ್ಲಿ. ಅದಕ್ಕೆ ಔಷಧಿ ಹಾಕುತ್ತಿದ್ದವನು ಟೈಲರಮ್ಮನ ತಮ್ಮ.

ತಮ್ಮ ಮೇಸ್ತ್ರಿ. ಹೊಸ ಬಡಾವಣೆಯಲ್ಲಿ ಅವನು ಕಟ್ಟಿದ ಮನೆಗಳನ್ನು ಯಾರೂ ಬೆರಳಿಟ್ಟು ತೋರಿಸುವಂತಿಲ್ಲ, ಅಷ್ಟು ಅಚ್ಚುಕಟ್ಟು. ಅಪ್ಪ ಅಮ್ಮ ಇಬ್ಬರೂ ಬೇಗ ಹೋದ ಮೇಲೆ ಅವನನ್ನು ಸಾಕಿದವಳು ಅಕ್ಕ. ಹದಿನಾರನೇ ವಯಸ್ಸಿಗೆ ಮಿಷನ್ನಿನ ಮುಂದೆ ಕೂತವಳು, ಅವನು ಮೇಸ್ತ್ರಿಯಾಗುವವರೆಗೂ ಎದ್ದಿರಲಿಲ್ಲ. ಅವನ ಕೈಗೆ ಮೊದಲ ಕರಣೆ ಕೊಡಿಸಿದ್ದೂ ಅವಳೇ. ಅದನ್ನು ತಮ್ಮ ಮರೆತವನಲ್ಲ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಸಿಮೆಂಟು ಮೂಟೆ ಹೆಗಲ ಮೇಲೆ ಹೊತ್ತು ಬಂದುಬಿಡುತ್ತಿದ್ದ. ಉದುರಿದ ಕಡೆಯೆಲ್ಲ ಒಳಗೂ ಹೊರಗೂ ಬಳಿದು, ನುಣ್ಣಗೆ ತಿಕ್ಕಿ, "ತಗೋ ಅಕ್ಕ, ಇನ್ನು ನಿಶ್ಚಿಂತೆ" ಎನ್ನುತ್ತಿದ್ದ.

ಮೊದಲ ವರ್ಷ ತೇವ ಮೊಣಕಾಲೆತ್ತರ ಇತ್ತು. ತಮ್ಮ ಸೊಂಟದೆತ್ತರ ಸಿಮೆಂಟು ಹಾಕಿದ. ಮರುವರ್ಷ ತೇವ ಎದೆಗೆ ಬಂತು. ತಮ್ಮ ತಲೆಯೆತ್ತರ ಹಾಕಿದ. ಅದರ ಮರುವರ್ಷ ಕಿಟಕಿಯ ಮೇಲೂ ಬಿಳಿ ಉಪ್ಪು ಒಡೆಯಿತು. ತಮ್ಮ ಏಣಿ ತಂದ.

"ಹಠಮಾರಿ ಗೋಡೆ ಅಕ್ಕ ಇದು" ಎಂದ. "ನಾನೂ ಬಿಡಲ್ಲ."

ಈ ಸಲ ಗೋಡೆಯೇ ಗೆದ್ದಿತು. ಕಿಟಕಿಯ ಪಕ್ಕ ಉಬ್ಬಿತು, ಮೇಲಿನಿಂದ ಕೆಳಗೆ ಬಿರುಕು ಬಿಟ್ಟಿತು. ನಗರಸಭೆಯ ಇಂಜಿನಿಯರ್ ಬಂದು ನೋಡಿದರು. ಒಳ್ಳೆಯ ಮನುಷ್ಯ, ಆದರೆ ಮಾತು ಕಡಿಮೆ. ಹೊರಗೆ ನಿಂತು ನೋಡಿದರು, ಒಳಗೆ ಬಂದು ನೋಡಿದರು, ಗಡ್ಡ ಕೆರೆದುಕೊಂಡರು.

"ಅಮ್ಮಾ, ಇದು ಹೀಗೇ ಇದ್ರೆ ಬೀದಿಯೋರ ಮೇಲೆ ಬೀಳತ್ತೆ. ನಾಲ್ಕು ತಿಂಗಳು ಟೈಮ್ ಕೊಡ್ತೀನಿ. ಅಷ್ಟರೊಳಗೆ ಭದ್ರ ಆಗ್ಲಿಲ್ಲ ಅಂದ್ರೆ ಮುಂದಿನ ಗೋಡೆ ಕೆಡವಲೇಬೇಕು. ಮಾಳಿಗೆ ತೊಲೆ ಅದರ ಮೇಲೇ ಕೂತಿರೋದು, ಅದೂ ಹೋಗತ್ತೆ."

ಅಂದರೆ ಹೊಲಿಗೆ ಕೋಣೆ ಹೋಯಿತು, ಮಲಗುವ ಕೋಣೆ ಹೋಯಿತು, ಅತ್ತೆಯ ಕಿಟಕಿ ಹೋಯಿತು.

ತಮ್ಮ ಸುದ್ದಿ ಕೇಳಿ ಓಡಿ ಬಂದ. "ಕೆಡವಲಿ ಬಿಡಕ್ಕ. ನಾನಿಲ್ವಾ? ಪಿಲ್ಲರ್ ಎಬ್ಬಿಸಿ ಹೊಸದಾಗಿ ಕಟ್ಕೊಡ್ತೀನಿ. ಅಲ್ಲೀವರೆಗೆ ನಮ್ಮನೇಲಿರಿ."

ತಮ್ಮನ ಮನೆ ಊರಾಚೆ, ಎರಡೇ ಕೋಣೆ. ನಾಲ್ಕು ಹೊಲಿಗೆ ಮಿಷನ್ನು, ಕತ್ತರಿಸುವ ಮೇಜು, ಅತ್ತೆಯ ಬಾಯಿ, ಇಷ್ಟಕ್ಕೂ ಅಲ್ಲಿ ಜಾಗ ಎಲ್ಲಿದೆ? ಆದರೂ ಹಾಗೆ ಕರೆದನಲ್ಲ ಎಂದು ಅವಳ ಕಣ್ಣು ತುಂಬಿತು.

ಅದೇ ವಾರ ಒಬ್ಬ ಹೆಂಗಸು ಕೆಲಸದ ಪ್ಯಾಂಟು ಹಿಡಿದುಕೊಂಡು ಬಂದಳು. ನಲವತ್ತು ದಾಟಿದ ವಯಸ್ಸು, ಬಿಸಿಲಿಗೆ ಕಪ್ಪಾದ ಮುಖ, ಮೊಣಕೈವರೆಗೂ ಬಿಳಿ ಬಿಳಿ.

"ಮೊಣಕಾಲ ಹತ್ರ ಹರಿದೋಗಿದೆ. ಎರಡು ಪದರ ಕ್ಯಾನ್ವಾಸ್ ಹಾಕಿ ಗಟ್ಟಿಯಾಗಿ ಹೊಲೀತೀರಾ? ದಿನಾ ಮೊಣಕಾಲೂರೋ ಕೆಲಸ ನಂದು."

ಅತ್ತೆ ಕಿಟಕಿಯಿಂದ ಕುತ್ತಿಗೆ ತಿರುಗಿಸಿದರು. "ಏನವ್ವಾ, ಹಿಟ್ಟಿನ ಗಿರಣೀಲಿ ಕೆಲ್ಸಾನಾ?"

"ಅಲ್ಲಜ್ಜಿ, ಇದು ಸುಣ್ಣ. ಬಂದರಿನ ಹಳೇ ಸುಂಕದ ಕಚೇರಿ ರಿಪೇರಿ ನಡೀತಿದೆಯಲ್ಲ, ಅಲ್ಲಿ ಗಾರೆ ಕೆಲಸ. ಎಲ್ಲಾರೂ ನನ್ನ ಗಾರೆಯಕ್ಕ ಅಂತಾರೆ."

ಟೈಲರಮ್ಮ ಪ್ಯಾಂಟಿನ ಅಳತೆ ನೋಡುತ್ತಿದ್ದಳು. ಅಷ್ಟರಲ್ಲಿ ಗಾರೆಯಕ್ಕ ಗೋಡೆಯ ಹತ್ತಿರ ಹೋಗಿ ಬೆರಳ ಗಿಣ್ಣಿನಿಂದ ತಟ್ಟಿದಳು. ಡಬ್ ಡಬ್ ಎಂದಿತು. ಒಂದು ಹೆಜ್ಜೆ ಆಚೆ ತಟ್ಟಿದಳು. ಅಲ್ಲೂ ಡಬ್ ಡಬ್.

"ಒಳಗೆಲ್ಲ ಪೊಳ್ಳು. ಸಿಮೆಂಟು ಯಾವಾಗ ಹಾಕ್ಸಿದ್ರಿ?"

"ನನ್ನ ತಮ್ಮ ಹಾಕ್ತಾನೆ. ಪ್ರತಿ ವರ್ಷ."

"ಪ್ರತಿ ವರ್ಷ ಉದುರತ್ತಾ?"

"ಉದುರತ್ತೆ. ಉದುರಿದ್ರೆ ಮುಂದಿನ ವರ್ಷ ಇನ್ನೂ ದಪ್ಪಗೆ ಹಾಕ್ತಾನೆ."

ಗಾರೆಯಕ್ಕ ನಗಲಿಲ್ಲ. ಸ್ಟೂಲಿನ ಮೇಲೆ ಕೂತು, ಬಾಗಿಲ ಹಿಂದೆ ತೂಗುತ್ತಿದ್ದ ಪ್ಲಾಸ್ಟಿಕ್ಕಿನ ಮಳೆಕೋಟು ತೋರಿಸಿದಳು.

"ನೀವು ಬಟ್ಟೆ ಗೊತ್ತಿರೋರು, ನಿಮಗೆ ಬೇಗ ಅರ್ಥ ಆಗತ್ತೆ. ಒಗೆದ ಹತ್ತಿ ಅಂಗಿ ಸರಿಯಾಗಿ ಒಣಗೋ ಮುಂಚೆ ಹಾಕ್ಕೊಂಡು, ಮೇಲೆ ಈ ಕೋಟು ತೊಟ್ಟು ಗುಂಡಿ ಹಾಕ್ಕೊಂಡ್ರೆ ಏನಾಗತ್ತೆ?"

"ಒಣಗೋದೇ ಇಲ್ಲ. ಮೈಯೆಲ್ಲ ಮುಗ್ಗಲು ವಾಸನೆ."

"ನಿಮ್ಮ ಗೋಡೆಗೂ ಅದೇ ಆಗಿರೋದು. ಇದು ಸುಣ್ಣದ ಗಾರೇಲಿ ಕಟ್ಟಿದ ಇಟ್ಟಿಗೆ ಗೋಡೆ. ನೆಲದಿಂದ ತೇವ ಕುಡಿಯತ್ತೆ, ಸಮುದ್ರದ ಗಾಳಿಯಿಂದ ಉಪ್ಪು ಕುಡಿಯತ್ತೆ. ಕುಡಿದಿದ್ದನ್ನ ಗಾಳಿಗೆ ಬಿಡ್ತಾ ಇರತ್ತೆ. ಸುಣ್ಣ ಅದಕ್ಕೆ ದಾರಿ ಕೊಡತ್ತೆ. ಸಿಮೆಂಟು ಕೊಡಲ್ಲ. ಆವಾಗ ತೇವ ಒಳಗೇ ಸಿಕ್ಕಾಕ್ಕೊಂಡು ಮೇಲೆ ಮೇಲೆ ಹತ್ತತ್ತೆ. ಉಪ್ಪು ಒಳಗೇ ಹರಳುಗಟ್ಟಿ ಇಟ್ಟಿಗೇನ ಪುಡಿ ಮಾಡತ್ತೆ."

ಟೈಲರಮ್ಮನಿಗೆ ನಂಬಿಕೆ ಬರಲಿಲ್ಲ. "ಸಿಮೆಂಟು ಗಟ್ಟಿ ಅಲ್ವೇನ್ರೀ? ಊರೆಲ್ಲ ಅದರಲ್ಲೇ ಕಟ್ತಾರೆ."

"ಗಟ್ಟಿನೇ. ಹೊಸ ಮನೆಗೆ ಅದು ಸರಿ. ನಿಮ್ಮ ತಮ್ಮ ಅಲ್ಲಿ ಮಾಡೋ ಕೆಲಸ ಚೆನ್ನಾಗೇ ಇರತ್ತೆ. ಮೆತ್ತನೆ ಹಳೇ ಗೋಡೆಗೆ ಮಾತ್ರ ಅದು ಹೊಂದಲ್ಲ. ನಾನೂ ಮೊದಲು ಸಿಮೆಂಟಿನವಳೇ ರೀ. ಎರಡು ಹಳೇ ಮನೆ ಕೆಡಿಸಿದ್ಮೇಲೇ ಕಲಿತಿದ್ದು."

"ಹಂಗಾದ್ರೆ ನಮ್ಮ ಗೋಡೆ ಉಳಿಯತ್ತಾ?"

"ನೋಡ್ದೆ ಹೇಳಿದ್ರೆ ಸುಳ್ಳು ಹೇಳಿದ ಹಾಗೆ. ಆದ್ರೆ ಉಳಿಯೋ ಸಾಧ್ಯತೆ ಇದೆ. ಭಾನುವಾರ ಬರ್ಲಾ?"

ಭಾನುವಾರ ಎಂದರೆ ತಮ್ಮ ಬರುವ ದಿನ; ಕೆಡವುವವರೆಗಾದರೂ ಬಿರುಕು ಮುಚ್ಚಿಡುತ್ತೇನೆ ಎಂದಿದ್ದ. ಟೈಲರಮ್ಮ ಹೂಂ ಎಂದುಬಿಟ್ಟಳು, ಆಮೇಲೆ ನಾಲಿಗೆ ಕಚ್ಚಿಕೊಂಡಳು. ಗೋಡೆ ಕೆಟ್ಟದ್ದು ಸಿಮೆಂಟಿನಿಂದ ಎಂದರೆ, ಕೆಡಿಸಿದ್ದು ತಮ್ಮ ಎಂದೇ ಅರ್ಥ. ಯಾವ ಬಾಯಲ್ಲಿ ಹೇಳುವುದು? ಗೋಡೆ ಬಿದ್ದರೆ ಬೀಳಲಿ, ತಮ್ಮನ ಮನಸ್ಸು ಮುರಿಯುವುದು ಬೇಡ ಎಂದು ಒಮ್ಮೆ ಅನಿಸಿತು. ಕತ್ತರಿ ಹಿಡಿದರೆ ಅಳತೆ ತಪ್ಪುತ್ತಿತ್ತು. ಆ ವಾರ ಒಂದು ಅಂಗಿಗೆ ಎರಡೂ ಎಡಗೈ ತೋಳೇ ಕತ್ತರಿಸಿಟ್ಟಳು.

ಭಾನುವಾರ ತಮ್ಮ ಮೂಟೆ ಹೊತ್ತು ಬಂದ. ಟೈಲರಮ್ಮ ಚಹಾ ಕೊಟ್ಟಳು, ಬಿಸ್ಕತ್ತು ಕೊಟ್ಟಳು, ಮಕ್ಕಳು ಹೇಗಿದ್ದಾರೆ ಎಂದು ಮೂರು ಸಲ ಕೇಳಿದಳು. ಅತ್ತೆಗೆ ತಾಳ್ಮೆ ಮುಗಿಯಿತು.

"ಲೋ ಮೇಸ್ತ್ರಿ, ನಿನ್ನ ಸಿಮೆಂಟಿಂದಾನೇ ಗೋಡೆ ಹಾಳಾಯ್ತಂತೆ ಕಣೋ. ನಿಮ್ಮಕ್ಕನಿಗೆ ಹೇಳೋಕೆ ಬಾಯಿ ಬರ್ತಿಲ್ಲ, ಅದಕ್ಕೆ ಬಿಸ್ಕತ್ತು ತಿನ್ನಿಸ್ತಾವ್ಳೆ."

ತಮ್ಮನ ಮುಖ ಕೆಂಪಾಯಿತು. "ಯಾರು ಹೇಳಿದ್ದು?"

"ನಾನು" ಎಂದಳು ಗಾರೆಯಕ್ಕ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು.

"ಹದಿನೆಂಟು ವರ್ಷದಿಂದ ಕರಣೆ ಹಿಡಿದಿದ್ದೀನಮ್ಮಾ! ನನ್ನ ಒಂದು ಗೋಡೆ ಬಿದ್ದಿದ್ದು ತೋರ್ಸಿ ನೋಡೋಣ. ಇದು ಮೊದಲಿಂದಾನೇ ಕೊಳೆತ ಗೋಡೆ. ಅಜ್ಜನ ಕಾಲದ ಸುಣ್ಣ, ಮಣ್ಣು. ನಾನು ಸಿಮೆಂಟು ಹಾಕಿದ್ದಕ್ಕೇ ಇಷ್ಟು ದಿನ ನಿಂತಿರೋದು."

"ಇರಬಹುದು. ಸಿಮೆಂಟು ಹಾಕದೇ ಇರೋ ಜಾಗ ಈ ಗೋಡೇಲಿ ಎಲ್ಲಾದ್ರೂ ಇದೆಯಾ? ಎರಡನ್ನೂ ನೋಡೋಣ. ನನ್ನ ಮಾತು ನಂಬಬೇಡಿ, ಗೋಡೆನೇ ಹೇಳ್ಲಿ."

ಅಕ್ಕ ತಮ್ಮ ಮುಖ ಮುಖ ನೋಡಿಕೊಂಡರು. ಇತ್ತು, ಒಂದು ಜಾಗ ಇತ್ತು. ಆ ಗೋಡೆಯ ಕೊನೆಗೆ ಬಟ್ಟೆ ಇಡುವ ದೊಡ್ಡ ಮರದ ಬೀರು ನಿಂತಿತ್ತು. ತುಂಡು ಬಟ್ಟೆ, ಹಳೆಯ ಮಾದರಿ, ಯಾರೂ ಬಂದು ಒಯ್ಯದ ಅಂಗಿಗಳು, ಮುರಿದ ಮಿಷನ್ನಿನ ಭಾಗಗಳು ಎಲ್ಲ ಅದರೊಳಗೆ. ಪ್ರತಿ ವರ್ಷ ತಮ್ಮ "ಬೀರು ಸರಿಸೋಣ್ವಾ?" ಎನ್ನುತ್ತಿದ್ದ. ಅಕ್ಕ "ಅಯ್ಯೋ, ಅದನ್ನ ಖಾಲಿ ಮಾಡೋರು ಯಾರು, ಮುಂದಿನ ವರ್ಷ ನೋಡೋಣ" ಎನ್ನುತ್ತಿದ್ದಳು. ಗಂಡ ಅಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತಿದ್ದ. ಮೂವರ ಸೋಮಾರಿತನ ಒಟ್ಟುಗೂಡಿ ಆ ಬೀರು ಇಪ್ಪತ್ತು ವರ್ಷ ಅಲ್ಲಾಡಿರಲಿಲ್ಲ.

ಅವತ್ತು ಖಾಲಿ ಮಾಡಿದರು. ಅರ್ಧ ಗಂಟೆ ಹಿಡಿಯಿತು. ಗಂಡನನ್ನು ಮಾಳಿಗೆಯಿಂದ ಕರೆದರು. ಅವನು ಅಭ್ಯಾಸಬಲದಿಂದ ಸೊಂಟಕ್ಕೆ ಕೈ ಹಾಕಿದ, ಅತ್ತೆ ಕಣ್ಣು ಬಿಟ್ಟ ಮೇಲೆ ತೆಗೆದ. ಮೂರು ಜನ ಹಿಡಿದು ಬೀರುವನ್ನು ಪಕ್ಕಕ್ಕೆ ಎಳೆದರು.

ಹಿಂದೆ ಗೋಡೆ ಇತ್ತು. ತಿಳಿಹಳದಿ ಸುಣ್ಣದ ಗಿಲಾವು, ಮೇಲೆ ಜೇಡರ ಬಲೆ. ಗಾರೆಯಕ್ಕ ತಟ್ಟಿದಳು. ಟಣ್ ಟಣ್ ಎಂದು ಗಟ್ಟಿ ಸದ್ದು. ಟೈಲರಮ್ಮ ಅಂಗೈ ಊರಿ ನೋಡಿದಳು. ಒಣಗಿತ್ತು. ಕೆನ್ನೆ ಒತ್ತಿ ನೋಡಿದಳು. ಬೆಚ್ಚಗಿತ್ತು. ನಲ್ಲಿಯ ಪಕ್ಕದ ಗೋಡೆಯ ಹಾಗೆ ಸದಾ ತೇವವಾಗಿರುತ್ತಿದ್ದ ಕೋಣೆಯಲ್ಲಿ ಇಂಥದೊಂದು ಮೂಲೆ ಇದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

"ಇದು ಮೂಲೆ, ಅದಕ್ಕೇ ಚೆನ್ನಾಗಿದೆ" ಎಂದ ತಮ್ಮ. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

"ಅದೇ ನೆಲ, ಅದೇ ಬೀದಿ, ಅದೇ ಸಮುದ್ರದ ಗಾಳಿ" ಎಂದಳು ಗಾರೆಯಕ್ಕ. "ಹೊರಗಡೆ ನೀವು ಮುಚ್ಚಿದ್ರೂ ಇಲ್ಲಿ ಒಳಗಿಂದ ಉಸಿರಾಡೋಕೆ ದಾರಿ ಇತ್ತು. ಬೀರುಗೆ ಕಾಲಿದೆ, ಹಿಂದೆ ನಾಲ್ಕು ಬೆರಳು ಸಂದಿದೆ. ಗಾಳಿ ಆಡಿದೆ."

ಮೇಸ್ತ್ರಿ ಚೀಲದಿಂದ ಉಳಿ ತೆಗೆದು ಕಿಟಕಿಯ ಪಕ್ಕ ಹೋದ. ಹೋದ ವರ್ಷ ತಾನೇ ಬಳಿದಿದ್ದ ಸಿಮೆಂಟಿನ ಅಂಚಿಗೆ ಉಳಿ ಕೊಟ್ಟು ಮೆಲ್ಲಗೆ ಎಬ್ಬಿಸಿದ. ತಟ್ಟೆಯಷ್ಟು ಅಗಲದ ಚಕ್ಕೆ ಒಂದೇ ಸಲಕ್ಕೆ ಕಿತ್ತು ಬಂತು. ಹಿಂದೆ ಇಟ್ಟಿಗೆ ನೀರು ನೀರಾಗಿತ್ತು. ಬೆರಳಿಂದ ಒತ್ತಿದ. ಬೆರಳು ಒಳಗೆ ಹೋಯಿತು.

ತಮ್ಮ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಮತ್ತೆ ಬೀರು ಇದ್ದ ಜಾಗಕ್ಕೆ ಬಂದು ಒಣ ಗೋಡೆಯನ್ನು ಮುಟ್ಟಿದ. ಎರಡು ಸಲ ಆಚೆ ಈಚೆ ಓಡಾಡಿದ. ಆಮೇಲೆ ಸಿಮೆಂಟು ಮೂಟೆಯ ಮೇಲೇ ಕುಸಿದು ಕೂತ.

"ಅಕ್ಕಾ, ನಿನ್ನ ಮನೆ ಹಾಳು ಮಾಡಿದೋನು ನಾನೇ."

ಟೈಲರಮ್ಮ ಅವನ ಪಕ್ಕ ಕೂತಳು.

"ಪ್ರತಿ ವರ್ಷ ನನ್ನ ನೆನೆಸ್ಕೊಂಡು ಮೂಟೆ ಹೊತ್ಕೊಂಡು ಬರ್ತಿದ್ದೆ ಕಣೋ ನೀನು. ಈ ಬೀದೀಲಿ ಯಾರ ತಮ್ಮ ಬರ್ತಾನೆ ಹಂಗೆ? ಗೋಡೆ ಕೆಟ್ಟಿದ್ರೆ ರಿಪೇರಿ ಮಾಡೋಣ. ನೀನು ಬಂದಿದ್ದು ಕೆಟ್ಟದ್ದಲ್ಲ."

ತಮ್ಮ ತಲೆ ತಗ್ಗಿಸಿ ಅತ್ತ. ಗಂಡ ಬೀರುವಿನ ಬಟ್ಟೆ ಜೋಡಿಸುವ ನೆಪದಲ್ಲಿ ಆಚೆ ತಿರುಗಿಕೊಂಡ.

ಗಾರೆಯಕ್ಕ ಕಾಯುವಷ್ಟು ಕಾದು ಕೇಳಿದಳು, "ಮೇಸ್ತ್ರಿ, ಕಲೀತೀರಾ? ನಿಮ್ಮ ಕೈ ಒಳ್ಳೇ ಕೈ. ಸಾಮಾನು ಮಾತ್ರ ಬದಲಾಗಬೇಕು."

ಮರುದಿನವೇ ಇಂಜಿನಿಯರನ್ನು ಕರೆದು, ಸುಣ್ಣದಲ್ಲಿ ರಿಪೇರಿ ಮಾಡಬಹುದೇ ಎಂದು ಕೇಳಿ ಒಪ್ಪಿಗೆ ಪಡೆದರು. ಅವರು ಮೊದಲು ತೊಲೆಗಳ ಕೆಳಗೆ ಕಂಬ ಕೊಡಿಸಿದರು. ಉಬ್ಬಿದ ಗೋಡೆಯನ್ನು ಆಸರೆ ಇಲ್ಲದೆ ಮುಟ್ಟಬಾರದು, ಅದು ಪ್ರಾಣದ ಪ್ರಶ್ನೆ. ಗಾರೆಯಕ್ಕ ಮನೆಯ ಹೊರಗೆ ಒಂದು ಸುತ್ತು ಹಾಕಿ, ಮಾಳಿಗೆಯಿಂದ ಇಳಿಯುವ ಮಳೆನೀರಿನ ಕೊಳವೆ ಒಡೆದು ನೀರೆಲ್ಲ ಗೋಡೆಯ ಬುಡಕ್ಕೇ ಬೀಳುತ್ತಿದ್ದುದನ್ನು ತೋರಿಸಿದಳು. "ಮೊದಲು ಇದು. ನೀರು ಬರೋದು ನಿಲ್ಲದೆ ಏನು ಬಳಿದ್ರೂ ವ್ಯರ್ಥ."

ಕೊಳವೆ ಹಾಕಿದ ಮೇಲೆ ತಮ್ಮ ಸಿಮೆಂಟು ಕೆತ್ತಲು ಕೂತ. ದೊಡ್ಡ ಸುತ್ತಿಗೆ ಮುಟ್ಟುವಂತಿಲ್ಲ. ಚಪ್ಪಟೆ ಉಳಿ, ಸಣ್ಣ ಪೆಟ್ಟು, ಒಂದು ಸಲಕ್ಕೆ ಒಂದು ಗೇಣು. ತಾನೇ ಗಟ್ಟಿಯಾಗಿ ಹಾಕಿದ್ದನ್ನು ತಾನೇ ಕೆತ್ತುವಾಗ ಅವನು ತನಗೇ ಬೈದುಕೊಳ್ಳುತ್ತಿದ್ದ. "ಯಾಕೋ ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದೆ, ಮುಠ್ಠಾಳ!"

ಆಮೇಲೆ ಆರು ವಾರ ಏನೂ ಮಾಡಲಿಲ್ಲ. ಗೋಡೆ ಬರಿಮೈಯಲ್ಲಿ ನಿಂತು ಒಣಗಿತು. ಇಟ್ಟಿಗೆಯ ಮೈ ಮೇಲೆ ಬೆಳಿಗ್ಗೆ ಬೆಳಿಗ್ಗೆ ಬಿಳಿ ಉಪ್ಪು ಅರಳುತ್ತಿತ್ತು. ಅದನ್ನು ನೀರು ಹಾಕಿ ತೊಳೆಯಬಾರದು, ತೊಳೆದರೆ ಮತ್ತೆ ಒಳಗೆ ಹೋಗುತ್ತದೆ. ಮೆತ್ತನೆಯ ಒಣ ಬ್ರಷ್ಷಿನಿಂದ ಗುಡಿಸಿ, ಮೊರದಲ್ಲಿ ಹಿಡಿದು, ಹೊರಗೆ ಎಸೆಯಬೇಕು. ಈ ಕೆಲಸ ಅತ್ತೆ ತಾವಾಗಿಯೇ ವಹಿಸಿಕೊಂಡರು. ಬೀದಿ ವಿಚಾರಣೆಗೆ ರಜೆ ಬಿತ್ತು.

"ಇವತ್ತು ಕಡಿಮೆ ಬಂದಿದೆ ನೋಡೇ" ಎಂದು ದಿನಾ ಮೊರ ತೋರಿಸುತ್ತಿದ್ದರು. ಒಂದು ದಿನ ಮೊರ ಖಾಲಿ ಬಂತು. ಅವತ್ತು ಅವರ ಸಂತೋಷ ನೋಡಬೇಕಿತ್ತು.

ಆ ಆರು ವಾರ ತಮ್ಮ ಸುಂಕದ ಕಚೇರಿಯಲ್ಲಿ ಗಾರೆಯಕ್ಕನ ಕೈಕೆಳಗೆ ಕಲಿತ. ಮೊದಲ ದಿನವೇ ಕಿತ್ತಾಟ. ಕನ್ನಡಕ, ಕೈಗವಸು ಇಲ್ಲದೆ ಸುಣ್ಣದ ಗುಂಡಿಯ ಹತ್ತಿರ ಬಿಡುವುದಿಲ್ಲ ಎಂದಳು ಅವಳು. ಹದಿನೆಂಟು ವರ್ಷ ಕರಣೆ ಹಿಡಿದ ಮೇಸ್ತ್ರಿಗೆ ಕನ್ನಡಕವೇ ಎಂದು ಇವನು. ಅವಳು ತೋಳು ಮೇಲೆತ್ತಿ ಮೊಣಕೈಯ ಹತ್ತಿರದ ಸುಟ್ಟ ಗಾಯದ ಗುರುತು ತೋರಿಸಿದಳು. "ಸುಟ್ಟ ಸುಣ್ಣಕ್ಕೆ ನೀರು ಬಿದ್ರೆ ಕುದಿಯತ್ತೆ. ಇದು ಕೈ. ಕಣ್ಣಾಗಿದ್ರೆ?" ತಮ್ಮ ಕನ್ನಡಕ ಹಾಕಿಕೊಂಡ.

ಉಪ್ಪಿಲ್ಲದ ಮರಳನ್ನು ಜರಡಿ ಹಿಡಿಯುವುದು, ತಿಂಗಳುಗಟ್ಟಲೆ ನೀರಲ್ಲಿ ಮಾಗಿದ ಸುಣ್ಣದ ಮುದ್ದೆಯನ್ನು ಅದಕ್ಕೆ ಕಲಸಿ ಕಲಸಿ ಹದ ಮಾಡುವುದು, ತೆಳ್ಳಗೆ ಪದರ ಪದರವಾಗಿ ಬಳಿಯುವುದು, ಎಲ್ಲ ಕಲಿತ. ಕಾಯುವುದನ್ನು ಕಲಿಯಲು ಮಾತ್ರ ಬಹಳ ಕಷ್ಟಪಟ್ಟ.

"ಸಿಮೆಂಟಾಗಿದ್ರೆ ಇಷ್ಟೊತ್ತಿಗೆ ಕೈ ತೊಳ್ಕೊಂಡು ಮನೇಲಿರ್ತಿದ್ದೆ" ಎಂದು ಗೊಣಗುತ್ತಿದ್ದ.

"ಇರ್ತಿದ್ರಿ. ಮುಂದಿನ ವರ್ಷ ಮತ್ತೆ ಬರ್ತಿದ್ರಿ" ಎನ್ನುತ್ತಿದ್ದಳು ಗಾರೆಯಕ್ಕ.

ಉಬ್ಬಿದ, ಪುಡಿಯಾದ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದು, ಅದೇ ಅಳತೆಯ ಹಳೆಯ ಇಟ್ಟಿಗೆ ನೆಟ್ಟಗೆ ಕೂರಿಸಿದರು. ಬಿರುಕಿಗೆ ಹೊಲಿಗೆ ಹಾಕಿದ ಹಾಗೆ ಉದ್ದದ ಕಲ್ಲುಗಳನ್ನು ಅಡ್ಡಡ್ಡ ಕೊಟ್ಟರು. ಅದನ್ನು ನೋಡಿ ಟೈಲರಮ್ಮ, "ಇದು ನನ್ನ ಕೆಲ್ಸಾನೇ ಕಣೋ" ಎಂದು ನಕ್ಕಳು. ಸುಣ್ಣದ ಮೇಲೆ ಒದ್ದೆ ಗೋಣಿಚೀಲ ಇಳಿಬಿಟ್ಟು ದಿನಕ್ಕೆ ಮೂರು ಸಲ ನೀರು ಚಿಮುಕಿಸಿದರು. ಮೂರು ಪದರವಾದ ಮೇಲೆ ಪ್ಲಾಸ್ಟಿಕ್ ಬಣ್ಣ ಬೇಡ ಎಂದು ಬರಿ ಸುಣ್ಣ ಹೊಡೆದರು.

ನಾಲ್ಕು ತಿಂಗಳು ಮುಗಿಯುವ ದಿನ ಇಂಜಿನಿಯರ್ ಬಂದರು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಕನ್ನಡಕದ ಅಂಗಡಿಯವರು, ಬೇಕರಿಯಮ್ಮ, ಬೀದಿಯ ಮೇಲ್ಗಡೆ ಮನೆಯ ಮೇಷ್ಟ್ರು, ಎಲ್ಲರೂ. ಟೈಲರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಅವರು ತಟ್ಟಿದರು, ದಾರ ಇಳಿಬಿಟ್ಟು ಗೋಡೆ ನೆಟ್ಟಗಿದೆಯೇ ನೋಡಿದರು, ಮಾಳಿಗೆಗೆ ಹೋಗಿ ನೆಲದ ಮೇಲೆ ಕಾಲು ಕುಟ್ಟಿದರು. ಕೆಳಗೆ ಬಂದು ಗಡ್ಡ ಕೆರೆದುಕೊಂಡರು.

"ಕಂಬ ತೆಗೀರಿ. ಗೋಡೆ ನಿಂತಿದೆ."

ಟೈಲರಮ್ಮ ಗಾರೆಯಕ್ಕನ ಎರಡೂ ಕೈ ಹಿಡಿದುಕೊಂಡಳು. ಸುಣ್ಣ ತಿಂದು ತಿಂದು ಒರಟಾದ ಕೈ. "ನಿಮ್ಮ ಉಪಕಾರ ಹೆಂಗೆ ತೀರಿಸ್ಲಿ?" ಎಂದಳು.

"ಈ ಗೋಡೆ ಕಟ್ಟಿದೋರು ನಿಮ್ಮನ್ನ ಏನಾದ್ರೂ ಕೇಳಿದ್ರಾ?" ಎಂದಳು ಗಾರೆಯಕ್ಕ. "ಅವರು ಕಟ್ಟಿಟ್ಟು ಹೋದ್ರು. ನೀವು ಬೆಚ್ಚಗಿದ್ದೀರಿ. ಅಷ್ಟೇ."

ಇಂಜಿನಿಯರ್ ಮಾತ್ರ ಹೊರಡಲಿಲ್ಲ. ಬೀದಿಯ ಮನೆಗಳನ್ನು ಒಂದೊಂದಾಗಿ ನೋಡುತ್ತಾ ನಿಂತರು. "ಕನ್ನಡಕದ ಅಂಗಡೀಲೂ ಇದೇ ಉಬ್ಬು. ಬೇಕರಿ ಗೋಡೇಲೂ ಉಪ್ಪು. ಮೇಷ್ಟ್ರ ಮನೇಲೂ. ಎಲ್ಲಾ ಕಡೆ ಸಿಮೆಂಟು ಹಾಕಿದ್ದು ಯಾರು?"

ಹಾಕಿದ್ದು ಯಾರು ಎಂದು ಎಲ್ಲರಿಗೂ ಗೊತ್ತಿತ್ತು. ಅಕ್ಕನ ಮನೆಗೆ ಬಂದಾಗಲೆಲ್ಲ ಅಕ್ಕಪಕ್ಕದವರು ಕರೆದರೆ ಇಲ್ಲ ಎನ್ನದೆ ಬಳಿದು ಕೊಟ್ಟು ಹೋಗುತ್ತಿದ್ದ. ಟೈಲರಮ್ಮ ತಮ್ಮನ ಕಡೆ ನೋಡಿದಳು. ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದಳು. ಮೇಸ್ತ್ರಿ ಒಮ್ಮೆ ಹೆಸರು ಕೆಡಿಸಿಕೊಂಡರೆ ಆಮೇಲೆ ಕೆಲಸಕ್ಕೆ ಕರೆಯುವವರು ಯಾರು?

ತಮ್ಮ ಮುಂದೆ ಬಂದ. "ನಾನೇ ಸಾರ್. ನನಗೆ ಗೊತ್ತಿರ್ಲಿಲ್ಲ. ಈಗ ಗೊತ್ತಾಗಿದೆ. ಎಲ್ಲಾರ ಮನೇಲೂ ನಾನೇ ಕೆತ್ತಿ ಸುಣ್ಣ ಹಾಕ್ಕೊಡ್ತೀನಿ. ಬೈಯೋರು ಬೈದ್ಬಿಡಿ."

ಬೇಕರಿಯಮ್ಮ ಸೊಂಟದ ಮೇಲೆ ಕೈಯಿಟ್ಟು ಎರಡು ಹೆಜ್ಜೆ ಮುಂದೆ ಬಂದರು. ಅವರು ಬಾಯಿ ತೆರೆದರೆ ಬೀದಿ ನಾಯಿಯೂ ಪಕ್ಕಕ್ಕೆ ಸರಿಯುತ್ತಿತ್ತು.

"ಬೈಯೋಕೆ ನಂಗೆ ಪುರುಸೊತ್ತಿಲ್ಲ. ಒಲೆ ಹತ್ಸಬೇಕು. ನಮ್ಮನೆ ಗೋಡೆ ಕೆತ್ತೋಕೆ ಯಾವಾಗ ಬರ್ತೀಯ, ಅದನ್ನ ಹೇಳು."

"ಅವರಾದ್ಮೇಲೆ ನಮ್ಮನೆ" ಎಂದರು ಕನ್ನಡಕದ ಅಂಗಡಿಯವರು. ಮೇಷ್ಟ್ರು ಸುಮ್ಮನೆ ಬಂದು ಅವನ ಹೆಗಲ ಮೇಲೆ ಕೈ ಇಟ್ಟರು. ಟೈಲರಮ್ಮ ಈ ಸಲ ಕಣ್ಣು ಒರೆಸಿಕೊಳ್ಳಲಿಲ್ಲ, ಹರಿಯಲಿ ಎಂದು ಬಿಟ್ಟಳು. ಸಾಕಿದ್ದಕ್ಕೆ ಸಾರ್ಥಕವಾಯಿತು ಎಂದು ಅವಳಿಗೆ ಅನಿಸಿದ್ದು ಆ ಗಳಿಗೆಯಲ್ಲಿ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮದೂ ಹಳೆಯ ಮನೆಯೇ? ಅಂಗಡಿಯೇ? ನಿಮ್ಮ ಮಕ್ಕಳು ಓದುವ ಹಳೆಯ ಶಾಲೆಯೇ? ಸಮುದ್ರದ ಗಾಳಿ ಬೀಸುವ ಊರೇ? ಹಾಗಾದರೆ ಒಂದು ಕೆಲಸ ಮಾಡಿ. ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ. ಪೊಳ್ಳು ಸದ್ದು ಬಂದರೆ, ಬಿಳಿ ಉಪ್ಪು ಒಡೆದಿದ್ದರೆ, ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಿ. ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ನೀವೇ ಕೈ ಹಾಕಬೇಡಿ, ಇಂಜಿನಿಯರನ್ನು ಕರೆಯಿರಿ. ಸುಣ್ಣದ ಗೋಡೆಗೆ ಸುಣ್ಣವೇ ಬೇಕು. ಸುಣ್ಣದ ಕೆಲಸ ಬಲ್ಲವರು ನಿಮ್ಮ ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆ, ವಯಸ್ಸಾಗಿರಬಹುದು, ಕೆಲಸವಿಲ್ಲದೆ ಮನೆಯಲ್ಲಿ ಕೂತಿರಬಹುದು. ಹುಡುಕಿಕೊಂಡು ಹೋಗಿ. ಅವರಿಂದ ಕಲಿಯಲು ನಿಮ್ಮ ಮೇಸ್ತ್ರಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಹಿಂದೆ ಸಿಮೆಂಟು ಹಾಕಿಸಿದ್ದರೆ ನಾಚಿಕೆ ಪಡಬೇಡಿ, ಹಾಕಿದವರನ್ನು ಬೈಯಲೂ ಬೇಡಿ. ನಿಮ್ಮ ಮನೆ ಚೆನ್ನಾಗಿರಲಿ ಎಂದೇ ಹಾಕಿದವರು ಅವರು. ಆದರೆ ಮುಂದಿನ ಮೂಟೆ ಬಿಚ್ಚುವ ಮುಂಚೆ, ದಯವಿಟ್ಟು, ಸುಣ್ಣದ ಕೆಲಸ ಬಲ್ಲ ಒಬ್ಬರನ್ನು ಕೇಳಿ.